ಸೇತುವೆ ದಾಟಿದವರು ಮತ್ತು ತೆರೆಗೆ ಬಾರದ ಜಗಳ

ಚಳವಳಿಯ ಬಗ್ಗೆ ಸಿನೆಮಾ ಮಾಡುವವರಿಗೆ ಮೆರವಣಿಗೆ ಸುಲಭ, ಮೀಟಿಂಗು ಕಷ್ಟ. ಮೆರವಣಿಗೆಯಲ್ಲಿ ಜನರಿದ್ದಾರೆ, ಹಾಡಿದೆ, ಎದುರಿಗೆ ಲಾಠಿ ಹಿಡಿದ ಪೊಲೀಸರಿದ್ದಾರೆ. ಯಾರ ಕಡೆ ನಿಲ್ಲಬೇಕೆಂದು ನೋಡುಗನಿಗೆ ಕ್ಷಣದಲ್ಲಿ ತಿಳಿದುಬಿಡುತ್ತದೆ. ಆದರೆ ಆ ಮೆರವಣಿಗೆ ಹೊರಡಬೇಕೇ ಬೇಡವೇ ಎಂದು ಹಿಂದಿನ ರಾತ್ರಿ ಒಂದು ಕೋಣೆಯಲ್ಲಿ ಕೂತು ಕಿತ್ತಾಡಿದವರ ಕಥೆಯನ್ನು ಹೇಳುವುದು ಹೇಗೆ? ಅಲ್ಲಿ ಇರುವವರೆಲ್ಲ ಒಂದೇ ಕಡೆಯವರು. ಎಲ್ಲರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಹಾಗಾಗಿ ನಿರ್ದೇಶಕರು ಹೆಚ್ಚಾಗಿ ಒಂದು ಸುಲಭದ ದಾರಿ ಹಿಡಿಯುತ್ತಾರೆ: ಒಬ್ಬನನ್ನು ವಿವೇಕಿಯನ್ನಾಗಿ, ಇನ್ನೊಬ್ಬನನ್ನು ಸಿಡುಕನನ್ನಾಗಿ ಮಾಡಿ ಮುಂದಿನ ದೃಶ್ಯಕ್ಕೆ ಹೋಗುತ್ತಾರೆ.

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಬಂದಿರುವ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ. ಒಂದು, ಏವಾ ಡುವರ್ನೆ ನಿರ್ದೇಶಿಸಿದ ‘ಸೆಲ್ಮಾ’ (2014). ಇನ್ನೊಂದು, ಜಾರ್ಜ್ ಸಿ. ವೂಲ್ಫ್ ಅವರ ‘ರಸ್ಟಿನ್’ (2023). ಎರಡೂ ಕಳಪೆ ಚಿತ್ರಗಳಲ್ಲ. ‘ಸೆಲ್ಮಾ’ವಂತೂ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಗೋಡೆಯ ಮೇಲಿನ ಪಟದಿಂದ ಕೆಳಗಿಳಿಸಿ, ದಣಿದ, ಅನುಮಾನಪಡುವ, ಹೆಂಡತಿಯ ಮುಂದೆ ತಲೆತಗ್ಗಿಸಿ ಕೂರುವ ಮನುಷ್ಯನನ್ನಾಗಿ ತೋರಿಸಿತು. ಕಿಂಗ್‌ರ ಭಾಷಣಗಳ ಹಕ್ಕು ಬೇರೆಯವರ ಕೈಯಲ್ಲಿದ್ದುದರಿಂದ ನಿರ್ದೇಶಕಿ ತಾವೇ ಹೊಸ ಮಾತುಗಳನ್ನು ಬರೆಯಬೇಕಾಯಿತು. ಆ ಮಾತುಗಳು ಎಲ್ಲೂ ಪೊಳ್ಳೆನಿಸುವುದಿಲ್ಲ. ಇಷ್ಟು ಮಾಡಬಲ್ಲವರೂ ಚಳವಳಿಯ ಒಳಜಗಳದ ಹತ್ತಿರ ಬಂದಾಗ ಏಕೆ ಅವಸರ ಮಾಡುತ್ತಾರೆ ಎಂಬುದು ನನ್ನ ಪ್ರಶ್ನೆ.

ಆ ಕಾಲದ ಸಂಘಟನೆಗಳ ಪರಿಚಯ ಇಲ್ಲಿ ಅಗತ್ಯ. ನಮ್ಮಲ್ಲಿ ಬಹಳ ಮಂದಿಗೆ ಈ ಹೋರಾಟವೆಂದರೆ ಕಿಂಗ್ ಮತ್ತು ಮಾಲ್ಕಮ್ ಎಕ್ಸ್ ಎಂಬ ಎರಡು ಹೆಸರುಗಳು ಮಾತ್ರ. ವಾಸ್ತವದಲ್ಲಿ ಅದು ಹಲವು ಸಂಘಟನೆಗಳ ಕೂಡುಕುಟುಂಬವಾಗಿತ್ತು. 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಮನೆಯ ಹಿರಿಯ. ಊರೂರಿನಲ್ಲಿ ಶಾಖೆ, ಚಂದಾ ಕಟ್ಟುವ ಸದಸ್ಯರು, ದೊಡ್ಡ ವಕೀಲರು ಅದರ ಬಲ. ಶಾಲೆಗಳಲ್ಲಿ ವರ್ಣಭೇದ ಸಂವಿಧಾನವಿರೋಧಿ ಎಂದ 1954ರ ಸುಪ್ರೀಂ ಕೋರ್ಟ್ ತೀರ್ಪು ಅದರ ಗಳಿಕೆ. 1942ರಲ್ಲಿ ಷಿಕಾಗೊದಲ್ಲಿ ಆರಂಭವಾದ ಕೋರ್, ಗಾಂಧಿಯ ಸತ್ಯಾಗ್ರಹದಿಂದ ಪಾಠ ಕಲಿತದ್ದು. ಬಸ್ಸುಗಳಲ್ಲಿ ಬಿಳಿಯರು ಮತ್ತು ಕರಿಯರು ಒಟ್ಟಿಗೆ ಕೂತು ದಕ್ಷಿಣಕ್ಕೆ ಹೊರಟ 1961ರ ಸ್ವಾತಂತ್ರ್ಯ ಯಾತ್ರೆಯನ್ನು ಶುರುಮಾಡಿದ್ದು ಅದೇ. ಎಸ್‌ಸಿಎಲ್‌ಸಿ 1957ರಲ್ಲಿ ಚರ್ಚಿನ ಪಾದ್ರಿಗಳು ಕಟ್ಟಿದ ಸಂಘಟನೆ; ಅದರ ಅಧ್ಯಕ್ಷರು ಕಿಂಗ್. ಕಿರಿಯದೆಂದರೆ ವಿದ್ಯಾರ್ಥಿಗಳ ಸಂಘಟನೆ, ಅಲ್ಲಿನವರು ಬಾಯಿಮಾತಿನಲ್ಲಿ ‘ಸ್ನಿಕ್’ ಎನ್ನುತ್ತಿದ್ದದ್ದು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಎಂಬ ಊರಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಉಪಾಹಾರದ ಕಟ್ಟೆಯ ಮುಂದೆ ಕೂತರು. ಅದು ಊರಿಂದೂರಿಗೆ ಹಬ್ಬಿತು. ಎರಡೇ ತಿಂಗಳಲ್ಲಿ ಸ್ನಿಕ್ ಹುಟ್ಟಿಕೊಂಡಿತು.

ಈ ಹುಟ್ಟಿನಲ್ಲೇ ಒಂದು ಜಗಳವಿದೆ. ವಿದ್ಯಾರ್ಥಿಗಳನ್ನು ಒಟ್ಟು ಸೇರಿಸಿದವರು ಎಲಾ ಬೇಕರ್ ಎಂಬ ಮಹಿಳೆ. ಆಗ ಅವರಿಗೆ ಐವತ್ತಾರು ವರ್ಷ. ಹಿಂದೆ ಎನ್‌ಎಎಸಿಪಿಯಲ್ಲಿ ದುಡಿದು, ಆಗ ಕಿಂಗ್‌ರ ಕಚೇರಿಯನ್ನು ನಡೆಸುತ್ತಿದ್ದವರು. ಆ ಸಭೆಗೆ ಹಣ ಕೊಟ್ಟದ್ದೂ ಎಸ್‌ಸಿಎಲ್‌ಸಿಯೇ. ಈ ಹುಡುಗರು ತಮ್ಮ ಯುವ ಘಟಕವಾಗಲಿ ಎಂದು ಹಿರಿಯರಿಗೆ ಆಸೆಯಿತ್ತು. ಯಾರ ಬಾಲವೂ ಆಗಬೇಡಿ, ನಿಮ್ಮ ಕಾಲ ಮೇಲೆ ನಿಲ್ಲಿ ಎಂಬ ನಿಲುವು ಬೇಕರ್ ಅವರದು. ಒಬ್ಬ ದೊಡ್ಡ ನಾಯಕನ ಸುತ್ತ ಸುತ್ತುವ ಚಳವಳಿ ಆ ನಾಯಕನೊಡನೆ ಬೀಳುತ್ತದೆ, ಸಾಮಾನ್ಯ ಜನರಲ್ಲೇ ನಾಯಕತ್ವ ಬೆಳೆಯಬೇಕು ಎಂದು ಅವರು ನಂಬಿದ್ದರು. ಮುಂದೆ ಸೆಲ್ಮಾದಲ್ಲಿ ಸ್ಫೋಟಗೊಂಡದ್ದು ಇದೇ ವಾದ. ‘ಸೆಲ್ಮಾ’ ಚಿತ್ರದಲ್ಲಿ ಎಲಾ ಬೇಕರ್ ಇಲ್ಲ. ಅವರಿಲ್ಲದೆ ಆ ಜಗಳದ ಬೇರು ತೋರಿಸುವುದು ಕಷ್ಟ.

ಸೆಲ್ಮಾ, ಅಲಬಾಮ ರಾಜ್ಯದ ಒಂದು ಸಣ್ಣ ಪಟ್ಟಣ. ಅದು ಸೇರಿದ ಡಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನ ಸುಮಾರು 15,000. ಮತದಾರರ ಪಟ್ಟಿಯಲ್ಲಿ ಇದ್ದದ್ದು ಕೆಲವೇ ನೂರು ಹೆಸರು. ಹೆಸರು ಬರೆಸಲು ಹೋದವರಿಗೆ ಉತ್ತರವೇ ಇಲ್ಲದಂಥ ಪ್ರಶ್ನೆ ಕೇಳುತ್ತಿದ್ದರು. ಸಂಜೆಯ ಹೊತ್ತಿಗೆ ಕೆಲಸ ಹೋಗುತ್ತಿತ್ತು. ಅಮೀಲಿಯಾ ಬಾಯ್ನ್‌ಟನ್ ಅವರಂಥ ಸ್ಥಳೀಯರು ವರ್ಷಗಟ್ಟಲೆ ಅಲ್ಲಿ ಒಂಟಿಯಾಗಿ ದುಡಿದಿದ್ದರು. 1963ರ ಆರಂಭದಲ್ಲಿ ಸ್ನಿಕ್‌ನ ಬರ್ನಾರ್ಡ್ ಲಫಾಯೆಟ್ ಅಲ್ಲಿಗೆ ಬಂದು ಮನೆಮನೆ ಸುತ್ತತೊಡಗಿದರು. ಅದೇ ವರ್ಷ ಅಕ್ಟೋಬರ್ 7ರಂದು ಮುನ್ನೂರಕ್ಕೂ ಹೆಚ್ಚು ಜನ ಕೋರ್ಟಿನ ಮುಂದೆ ದಿನವಿಡೀ ಸಾಲು ನಿಂತರು. ಸಾಲಿನಲ್ಲಿದ್ದವರಿಗೆ ನೀರು, ತಿಂಡಿ ಕೊಡಲು ಹೋದ ಕಾರ್ಯಕರ್ತರನ್ನು ಪೊಲೀಸರು ಹೊಡೆದು ಎಳೆದೊಯ್ದರು. ಸಾಹಿತಿ ಜೇಮ್ಸ್ ಬಾಲ್ಡ್‌ವಿನ್ ಅದಕ್ಕೆ ಸಾಕ್ಷಿಯಾಗಿದ್ದರು. 1964ರ ಜುಲೈನಲ್ಲಿ ಸ್ಥಳೀಯ ನ್ಯಾಯಾಧೀಶರೊಬ್ಬರು ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಸಭೆ ಸೇರಬಾರದೆಂದು ಆಜ್ಞೆ ಹೊರಡಿಸಿ ಕೆಲಸವನ್ನೇ ಕಟ್ಟಿಹಾಕಿದರು. ಸ್ನಿಕ್ ಬಳಲಿತ್ತು; ಊರಿನವರೇ ಕಿಂಗ್‌ರನ್ನು ಕರೆದರು. 1965ರ ಜನವರಿ 2ರಂದು ಕಿಂಗ್ ಬಂದು ಆ ಆಜ್ಞೆಯನ್ನು ಮುರಿದು ಭಾಷಣ ಮಾಡಿದರು.

ಚಿತ್ರದ ಸೆಲ್ಮಾ ಶುರುವಾಗುವುದು ಹೆಚ್ಚುಕಡಿಮೆ ಇಲ್ಲಿಂದ. ಕಿಂಗ್ ಬರುತ್ತಾರೆ. ಸ್ನಿಕ್‌ನ ಇಬ್ಬರು, ಜಾನ್ ಲೂಯಿಸ್ ಮತ್ತು ಜೇಮ್ಸ್ ಫೋರ್ಮನ್, ಅವರನ್ನು ಕಾಣುತ್ತಾರೆ. ಇಲ್ಲಿ ನಿರ್ದೇಶಕಿ ಒಂದು ಒಳ್ಳೆಯ ಮಾತನ್ನು ಕಿಂಗ್ ಬಾಯಲ್ಲಿ ಇಟ್ಟಿದ್ದಾರೆ: ಕಪ್ಪು ಜನರಲ್ಲಿ ಅರಿವು ಮೂಡಿಸುವುದು ನಿಮ್ಮ ಕೆಲಸ, ಅದು ದೊಡ್ಡದು, ಬಿಳಿಯರ ಅರಿವನ್ನು ಕಲಕುವುದು ನಮ್ಮ ಕೆಲಸ. ಎರಡು ಸಂಘಟನೆಗಳ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಹೇಳುವುದು ಸುಲಭವಲ್ಲ. ಆದರೆ ಆಮೇಲೆ ಆ ವಾದ ಬೆಳೆಯುವುದಿಲ್ಲ. ಫೋರ್ಮನ್ ಮುಖ ಗಂಟಿಕ್ಕಿಕೊಂಡು ಓಡಾಡುತ್ತಾರೆ, ಲೂಯಿಸ್ ಕಿಂಗ್ ಕಡೆ ವಾಲುತ್ತಾರೆ. ನೋಡುವವರಿಗೆ ಫೋರ್ಮನ್ ಎಂದರೆ ಹಿರಿಯರ ಮೇಲೆ ಹೊಟ್ಟೆಕಿಚ್ಚುಪಡುವ ಬಿಸಿರಕ್ತದ ಹುಡುಗ ಎಂದೇ ಅನ್ನಿಸುತ್ತದೆ.

ಜೇಮ್ಸ್ ಫೋರ್ಮನ್ ಹುಟ್ಟಿದ್ದು 1928ರ ಅಕ್ಟೋಬರ್‌ನಲ್ಲಿ. ಕಿಂಗ್ ಹುಟ್ಟಿದ್ದು 1929ರ ಜನವರಿಯಲ್ಲಿ. ಅಂದರೆ ಆ ‘ಹುಡುಗ’ ಕಿಂಗ್‌ರಿಗಿಂತ ಮೂರು ತಿಂಗಳು ದೊಡ್ಡವರು! ವಾಯುಪಡೆಯಲ್ಲಿ ಇದ್ದು ಬಂದವರು, ಸ್ನಿಕ್‌ನ ಕಚೇರಿ, ಹಣಕಾಸು, ವಾಹನಗಳನ್ನೆಲ್ಲ ವರ್ಷಗಟ್ಟಲೆ ಸಂಭಾಳಿಸಿದವರು. ಭಿನ್ನಾಭಿಪ್ರಾಯಕ್ಕೆ ವಯಸ್ಸಿನ ವೇಷ ತೊಡಿಸಿದರೆ ಆಗುವ ಅನ್ಯಾಯ ಇದು. ಚಿಕ್ಕವನು ಆಡಿದ ಮಾತಿಗೆ ಉತ್ತರ ಕೊಡಬೇಕಿಲ್ಲ, ಬುದ್ಧಿ ಹೇಳಿದರೆ ಸಾಕು. ಚಿತ್ರ ಬಂದಾಗ ಅಧ್ಯಕ್ಷ ಜಾನ್ಸನ್‌ರಿಗೆ ಅನ್ಯಾಯವಾಗಿದೆ ಎಂದು ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಫೋರ್ಮನ್‌ಗೆ ಆದದ್ದರ ಬಗ್ಗೆ ಅಷ್ಟು ಗದ್ದಲವಾಗಲಿಲ್ಲ.

ಸ್ನಿಕ್‌ನ ತಕರಾರು ನಿಜವಾಗಿ ಏನಿತ್ತು? ಕಿಂಗ್ ಬಂದರೆ ಕ್ಯಾಮರಾ ಬರುತ್ತದೆ, ಪತ್ರಿಕೆ ಬರುತ್ತದೆ, ದೇಣಿಗೆ ಬರುತ್ತದೆ. ಕಿಂಗ್ ಹೋದರೆ ಮೂರೂ ಹೋಗುತ್ತವೆ. ಉಳಿಯುವುದು ಆ ಊರಿನ ಜನ, ಅವರ ಮೇಲೆ ಸೇಡು ತೀರಿಸಿಕೊಳ್ಳಲು ಕಾದಿರುವ ಶೆರೀಫ, ಮತ್ತು ಖಾಲಿ ಜೇಬಿನ ನಾಲ್ಕು ಕಾರ್ಯಕರ್ತರು. 1961-62ರಲ್ಲಿ ಜಾರ್ಜಿಯಾದ ಆಲ್ಬನಿ ಪಟ್ಟಣದಲ್ಲಿ ಇದನ್ನು ಅವರು ಕಣ್ಣಾರೆ ಕಂಡಿದ್ದರು. ಅದೇ ವೇಳೆ ಎಸ್‌ಸಿಎಲ್‌ಸಿಯ ಲೆಕ್ಕವೂ ಸುಳ್ಳಲ್ಲ: ಒಂದೊಂದು ಊರಿನಲ್ಲಿ ಎರಡೆರಡು ವರ್ಷ ಕೂತರೆ ದಕ್ಷಿಣದ ಎಲ್ಲ ಊರುಗಳನ್ನು ಮುಟ್ಟುವುದು ಯಾವಾಗ? ಕಾನೂನು ವಾಷಿಂಗ್ಟನ್‌ನಿಂದ ಬರಬೇಕು, ಅದಕ್ಕೆ ದೇಶವೇ ಬೆಚ್ಚಿಬೀಳುವಂಥ ಒಂದು ಊರು ಬೇಕು. ಎರಡೂ ಸರಿಯಿದ್ದ ಲೆಕ್ಕಗಳು. ಎರಡರ ನಡುವೆ ರಾಜಿಯಿಲ್ಲದ ಹಗ್ಗಜಗ್ಗಾಟ. ನಾಟಕಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ?

ಇನ್ನೊಂದು ಮುಖ್ಯ ದೃಶ್ಯ ನೋಡೋಣ. 1965ರ ಮಾರ್ಚ್ 7ರ ಭಾನುವಾರ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ ಪೊಲೀಸರು ಮೆರವಣಿಗೆಯನ್ನು ಹೊಡೆದು ಚದುರಿಸಿದರು. ಮಾರ್ಚ್ 9ರ ಮಂಗಳವಾರ ಕಿಂಗ್ ಎರಡನೆಯ ಮೆರವಣಿಗೆ ನಡೆಸಿದರು. ಚಿತ್ರದಲ್ಲಿ ಪೊಲೀಸರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಕಿಂಗ್ ಮಂಡಿಯೂರಿ ಪ್ರಾರ್ಥಿಸುತ್ತಾರೆ, ಎದ್ದು, ಏನೂ ಹೇಳದೆ ಜನರನ್ನು ಹಿಂದಕ್ಕೆ ಕರೆದೊಯ್ಯುತ್ತಾರೆ. ಅಂತರಂಗದ ಕರೆಗೆ ಓಗೊಟ್ಟ ಸಂತನ ಹಾಗೆ ಅದು ಕಾಣುತ್ತದೆ. ಆಗ ಸ್ನಿಕ್‌ನವರು ಸಿಟ್ಟಾದರೆ ಅವರೇ ಸಣ್ಣವರಾಗಿ ಕಾಣುತ್ತಾರೆ. ಇತಿಹಾಸದಲ್ಲಿ ನಡೆದದ್ದು ಬೇರೆ. ಫೆಡರಲ್ ನ್ಯಾಯಾಧೀಶರ ತಡೆಯಾಜ್ಞೆ ಇತ್ತು. ಅಧ್ಯಕ್ಷರ ಕಡೆಯಿಂದ ಬಂದ ಲೆರಾಯ್ ಕಾಲಿನ್ಸ್ ಎಂಬ ಮಧ್ಯಸ್ಥರ ಮೂಲಕ, ಸೇತುವೆ ದಾಟಿ ನಿಂತು ಮರಳುವುದೆಂದು ಒಳಗಿಂದೊಳಗೆ ಒಂದು ಒಡಂಬಡಿಕೆಯಾಗಿತ್ತು. ಹಿಂದೆ ನಡೆಯುತ್ತಿದ್ದ ಸುಮಾರು 2,000 ಜನರಿಗೆ ಅದು ಗೊತ್ತಿರಲಿಲ್ಲ. ಅವರು ಪ್ರಾಣ ಕೈಯಲ್ಲಿ ಹಿಡಿದು ಹೊರಟವರು. ಆ ದಿನ ರಕ್ತ ಹರಿಯದಂತೆ ತಡೆದ ಕಿಂಗ್‌ರ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಆದರೆ ಜೊತೆಗಾರರಿಗೆ ಹೇಳದೆ ಮಾಡಿದ ತೀರ್ಮಾನ ಅದು. ಫೋರ್ಮನ್‌ರ ಸಿಟ್ಟು ಅದರ ಮೇಲೆ. ಒಡಂಬಡಿಕೆಯನ್ನು ಅಳಿಸಿಹಾಕಿದ ಚಿತ್ರ, ಸಿಟ್ಟನ್ನು ಮಾತ್ರ ಉಳಿಸಿಕೊಂಡಿದೆ.

ನಮ್ಮ ಮನೆಮಾತು ಉರ್ದುವಿನಲ್ಲಿ ಎರಡು ಪದಗಳಿವೆ. ಇಖ್ತಿಲಾಫ್ ಎಂದರೆ ಅಭಿಪ್ರಾಯದಲ್ಲಿ ಭೇದ. ಮುಖಾಲಿಫತ್ ಎಂದರೆ ವಿರೋಧ, ಹಗೆ. ಎರಡೂ ಒಂದೇ ಧಾತುವಿನಿಂದ ಬಂದವು, ಆದರೆ ನಮ್ಮ ಹಿರಿಯರು ಇವನ್ನು ಬೆರೆಸುತ್ತಿರಲಿಲ್ಲ. ಇಖ್ತಿಲಾಫ್ ಇದ್ದವರು ಒಂದೇ ದಸ್ತರ್‌ಖಾನಿನಲ್ಲಿ ಕೂತು ಉಣ್ಣಬಲ್ಲರು. ಮಾರ್ಚ್ 6ರ ರಾತ್ರಿ ಅಟ್ಲಾಂಟಾದಲ್ಲಿ ನಡೆದ ಸ್ನಿಕ್ ಸಭೆ ಇದಕ್ಕೆ ಒಂದು ಉದಾಹರಣೆ. ಮರುದಿನದ ಮೆರವಣಿಗೆಯಿಂದ ಜನ ಏಟು ತಿನ್ನುತ್ತಾರೆಯೇ ವಿನಾ ಉಪಯೋಗವಿಲ್ಲ ಎಂದು ಸಂಘಟನೆ ತೀರ್ಮಾನಿಸಿತು. ಅದರ ಅಧ್ಯಕ್ಷ ಲೂಯಿಸ್ ಒಪ್ಪಲಿಲ್ಲ. ಸಂಘಟನೆಯಾಗಿ ನಾವು ಬರುವುದಿಲ್ಲ, ವ್ಯಕ್ತಿಯಾಗಿ ಹೋಗುವವರು ಹೋಗಬಹುದು ಎಂದಾಯಿತು. ಲೂಯಿಸ್ ರಾತ್ರಿಯೇ ಹೊರಟು ಮರುದಿನ ಎಸ್‌ಸಿಎಲ್‌ಸಿಯ ಹೋಸಿಯಾ ವಿಲಿಯಮ್ಸ್ ಜೊತೆ ಮುಂದಿನ ಸಾಲಿನಲ್ಲಿ ನಡೆದರು. ಅವರ ತಲೆಬುರುಡೆ ಬಿರುಕುಬಿಟ್ಟಿತು. ಸುದ್ದಿ ತಿಳಿದದ್ದೇ, ಬೇಡವೆಂದಿದ್ದ ಅದೇ ಸ್ನಿಕ್‌ನವರು ದೂರದ ಮಿಸಿಸಿಪ್ಪಿಯಿಂದಲೂ ಸೆಲ್ಮಾಕ್ಕೆ ಧಾವಿಸಿದರು. ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದು ಮನೆಯಲ್ಲಿ ಕೂರಲಿಲ್ಲ.

ಕೊನೆಗೆ ಮಾರ್ಚ್ 21ರಿಂದ 25ರವರೆಗೆ ಸೆಲ್ಮಾದಿಂದ ಮಾಂಟ್ಗೊಮೆರಿಗೆ ನಡೆದ ಪಾದಯಾತ್ರೆ ಯಾರ ಸಾಧನೆ? ಹೆಸರು ಬರೆಸುವ ಧೈರ್ಯವನ್ನು ಜನರಲ್ಲಿ ಎರಡು ವರ್ಷ ಬಿತ್ತಿದ್ದು ಸ್ನಿಕ್. ದೇಶದ ಕಣ್ಣನ್ನು ಅತ್ತ ತಿರುಗಿಸಿದ್ದು ಕಿಂಗ್. ಮಾರ್ಚ್ 17ರಂದು ಕೋರ್ಟಿನಿಂದ ಅನುಮತಿ ಗಳಿಸಿದ್ದು ವಕೀಲರು. ಆ ವಕೀಲಿಕೆಯ ಪರಂಪರೆಯನ್ನು ಕಟ್ಟಿದ್ದು ಎನ್‌ಎಎಸಿಪಿ. ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯಿದೆಗೆ ಸಹಿ ಬಿತ್ತು. ಮಿಸಿಸಿಪ್ಪಿಯಲ್ಲಿ ಮತದಾರರಾಗಿದ್ದ ಕಪ್ಪು ಜನ ಮೊದಲು ನೂರಕ್ಕೆ ಏಳಕ್ಕಿಂತ ಕಡಿಮೆ. 1967ರ ಹೊತ್ತಿಗೆ ಸುಮಾರು ಅರವತ್ತು. ಎಲ್ಲರೂ ಮೊದಲೇ ಒಂದೇ ದಾರಿ ಹಿಡಿದಿದ್ದರೆ ಈ ಕಾಯಿದೆ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

‘ರಸ್ಟಿನ್’ ಚಿತ್ರ 1963ರ ಆಗಸ್ಟ್ 28ರ ವಾಷಿಂಗ್ಟನ್ ಸಮಾವೇಶದ ತಯಾರಿಯ ಕಥೆ. ಇದು ಮೀಟಿಂಗುಗಳಿಗೆ ಹೆದರುವುದಿಲ್ಲ. ಹೆಚ್ಚು ಭಾಗ ಕಚೇರಿ, ಫೋನು, ಮೇಜಿನ ಸುತ್ತಲಿನ ಜಗಳದಲ್ಲೇ ನಡೆಯುತ್ತದೆ. ಸಮಾವೇಶವನ್ನು ಸಂಘಟಿಸಿದ ಬೇಯರ್ಡ್ ರಸ್ಟಿನ್ ಸಲಿಂಗಿ, ಹಿಂದೆ ಕಮ್ಯುನಿಸ್ಟರ ಜೊತೆಗಿದ್ದವರು. ಅವರನ್ನು ಮುಂದೆ ನಿಲ್ಲಿಸಿದರೆ ಶತ್ರುಗಳಿಗೆ ಅಸ್ತ್ರ ಕೊಟ್ಟಂತೆ ಎಂದು ಎನ್‌ಎಎಸಿಪಿಯ ರಾಯ್ ವಿಲ್ಕಿನ್ಸ್ ಅಡ್ಡಬಂದರು. ಹಿರಿಯ ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ ಉಪಾಯ ಹುಡುಕಿದರು: ಮುಖ್ಯಸ್ಥ ನಾನಾಗುತ್ತೇನೆ, ನನ್ನ ಸಹಾಯಕನನ್ನು ನಾನೇ ಆರಿಸುತ್ತೇನೆ ಎಂದು ರಸ್ಟಿನ್‌ರನ್ನೇ ಆರಿಸಿದರು. ಒಬ್ಬ ಮನುಷ್ಯನ ಖಾಸಗಿ ಬದುಕನ್ನು ಮುಂದಿಟ್ಟು ಅವನ ದುಡಿಮೆಯನ್ನು ಮರೆಮಾಡಿದ್ದು ಚಳವಳಿಯ ಮೇಲಿನ ಕಳಂಕವೇ. ಚಿತ್ರ ಅದನ್ನು ಹೇಳಿದ್ದು ಒಳ್ಳೆಯದಾಯಿತು. ಆದರೆ ವಿಲ್ಕಿನ್ಸ್ ಇಲ್ಲಿ ಎಲ್ಲದಕ್ಕೂ ಅಡ್ಡಗಾಲು ಹಾಕುವ ಮುದುಕನಾಗಿಬಿಟ್ಟಿದ್ದಾರೆ. ಈಗ ಸಣ್ಣವರಾಗುವ ಸರದಿ ಹಿರಿಯರದು.

ವಿಲ್ಕಿನ್ಸ್‌ರ ಅಂಜಿಕೆಗೆ ಕಾರಣಗಳಿದ್ದವು. 1956ರಲ್ಲಿ ಅಲಬಾಮ ಸರ್ಕಾರ ಎನ್‌ಎಎಸಿಪಿಯನ್ನು ನಿಷೇಧಿಸಿ ಸದಸ್ಯರ ಪಟ್ಟಿ ಕೊಡಿ ಎಂದು ಕೇಳಿತ್ತು. ಪಟ್ಟಿ ಕೊಟ್ಟರೆ ಪ್ರತಿ ಹೆಸರಿನ ಮನೆಯಲ್ಲೂ ಒಲೆ ಆರುತ್ತಿತ್ತು. ಸಂಸ್ಥೆ ಕೊಡಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋರಾಡಿ ಆ ರಾಜ್ಯಕ್ಕೆ ಮರಳುವಷ್ಟರಲ್ಲಿ 1964 ಆಗಿತ್ತು. ಸಮಾವೇಶಕ್ಕೆ ಎರಡೂವರೆ ತಿಂಗಳು ಮುಂಚೆ, ಜೂನ್ 12ರಂದು, ಮಿಸಿಸಿಪ್ಪಿಯಲ್ಲಿ ಅದರ ಕಾರ್ಯದರ್ಶಿ ಮೆಡ್ಗರ್ ಎವರ್ಸ್‌ರನ್ನು ಅವರ ಮನೆಯಂಗಳದಲ್ಲೇ ಗುಂಡಿಕ್ಕಿ ಕೊಂದಿದ್ದರು. ಸದಸ್ಯರ ಪಟ್ಟಿ ಇರುವ ಸಂಘಟನೆ ಒಂದು ರೀತಿ ಯೋಚಿಸುತ್ತದೆ, ಪಟ್ಟಿ ಇಲ್ಲದ ಸಂಘಟನೆ ಇನ್ನೊಂದು ರೀತಿ. ಇದನ್ನು ಹೇಡಿತನ ಮತ್ತು ಧೈರ್ಯದ ಲೆಕ್ಕದಲ್ಲಿ ಅಳೆಯಲಾಗದು. ಅದೇ ಸಮಾವೇಶದ ವೇದಿಕೆಯಿಂದ ಡುಬಾಯ್ಸ್ ಹಿಂದಿನ ದಿನ ಘಾನಾದಲ್ಲಿ ತೀರಿಕೊಂಡ ಸುದ್ದಿಯನ್ನು ಜನರಿಗೆ ಹೇಳಿದವರು ವಿಲ್ಕಿನ್ಸ್. ಎನ್‌ಎಎಸಿಪಿಯ ಸ್ಥಾಪಕರಲ್ಲೊಬ್ಬರಾದ ಡುಬಾಯ್ಸ್ 1934ರಲ್ಲಿ ಜಗಳವಾಡಿ ಸಂಸ್ಥೆ ಬಿಟ್ಟಾಗ, ಅವರು ಕಟ್ಟಿದ ‘ಕ್ರೈಸಿಸ್’ ಪತ್ರಿಕೆಯ ಸಂಪಾದಕನ ಕುರ್ಚಿಯಲ್ಲಿ ಕೂತದ್ದೂ ಇದೇ ವಿಲ್ಕಿನ್ಸ್! ಕಥೆಗಾರನಾದ ನನಗೆ ಈ ಒಂದು ಗಳಿಗೆ ಇಡೀ ಚಿತ್ರಕ್ಕೆ ಸಾಕೆನಿಸುತ್ತದೆ.

ಹಾಗಿದ್ದರೆ ಆ ಕೂಡುಕುಟುಂಬ ಒಡೆದದ್ದು ಯಾವಾಗ? 1964ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಬಿದ್ದ ಬಿರುಕು ಸೆಲ್ಮಾಕ್ಕೂ ಮುಂಚಿನದು. ಮಿಸಿಸಿಪ್ಪಿಯ ಬಡ ಕಪ್ಪು ಜನ ತಮ್ಮದೇ ಪ್ರತಿನಿಧಿಗಳನ್ನು ಆರಿಸಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನಕ್ಕೆ ಕಳಿಸಿದರು. ಹತ್ತಿ ತೋಟದಲ್ಲಿ ದುಡಿದಿದ್ದ ಫ್ಯಾನಿ ಲೂ ಹೇಮರ್ ತಾನು ಜೈಲಿನಲ್ಲಿ ತಿಂದ ಏಟುಗಳನ್ನು ದೇಶಕ್ಕೆ ಹೇಳಿದರು. ಪಕ್ಷ ಕೊಡಲು ಮುಂದಾದದ್ದು ಎರಡು ಸೀಟು. ಆ ಇಬ್ಬರು ಯಾರೆಂಬುದನ್ನೂ ಪಕ್ಷವೇ ಗೊತ್ತುಮಾಡಿತ್ತು. ವಿಲ್ಕಿನ್ಸ್, ರಸ್ಟಿನ್‌ರಂಥವರು ಒಪ್ಪಿಕೊಳ್ಳಿ ಎಂದರು. ಬಂದ ಜನ ಬೇಡವೆಂದು ಎದ್ದುಹೋದರು. ತಮ್ಮ ಪರವಾಗಿ ಬೇರೆಯವರು ಮುಚ್ಚಿದ ಬಾಗಿಲ ಹಿಂದೆ ವ್ಯಾಪಾರ ಕುದುರಿಸುತ್ತಾರೆ ಎಂಬ ಅನುಮಾನ ಆಗ ಹುಟ್ಟಿತು. ಸೆಲ್ಮಾದ ಮಂಗಳವಾರ ಅದನ್ನು ಗಟ್ಟಿಮಾಡಿತು. 1966ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಪಾದಯಾತ್ರೆಗೆ ಎನ್‌ಎಎಸಿಪಿ ಬರಲೇ ಇಲ್ಲ. ಅದೇ ಯಾತ್ರೆಯಲ್ಲಿ ಸ್ನಿಕ್‌ನ ಸ್ಟೋಕ್ಲಿ ಕಾರ್ಮೈಕಲ್ ‘ಬ್ಲ್ಯಾಕ್ ಪವರ್’ ಎಂದು ಕೂಗಿದರು. ವರ್ಷದ ಕೊನೆಗೆ ಸ್ನಿಕ್ ತನ್ನ ಬಿಳಿಯ ಸಂಗಾತಿಗಳನ್ನು ಹೊರಗಿಟ್ಟಿತು. ಒಟ್ಟಿಗೆ ಕೂತು ಜಗಳವಾಡುವ ಜಾಗವೇ ಉಳಿಯಲಿಲ್ಲ.

ಆ ಖಾಲಿ ಜಾಗಕ್ಕೆ ಸರ್ಕಾರ ನುಗ್ಗಿತು. ‘ಸೆಲ್ಮಾ’ದ ಉದ್ದಕ್ಕೂ ಎಫ್‌ಬಿಐನ ಬೇಹುಗಾರಿಕೆಯ ಟಿಪ್ಪಣಿಗಳು ತೆರೆಯ ಮೇಲೆ ಮೂಡುತ್ತವೆ, ಅದು ನಿರ್ದೇಶಕಿಯ ಜಾಣ್ಮೆ. ಆದರೆ ಕೇಳಿಸಿಕೊಂಡದ್ದನ್ನು ಎಫ್‌ಬಿಐ ಏನು ಮಾಡಿತು? 1967ರಿಂದ ಕಪ್ಪು ಜನರ ಸಂಘಟನೆಗಳ ನಡುವೆ ಒಡಕು ತರುವುದನ್ನೇ ಗುರಿಯಾಗಿಟ್ಟು ಅದು ಯೋಜನೆ ಹಾಕಿತು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಸುಳ್ಳು ಪತ್ರ ಬರೆಯಿತು. 1970ರ ದಶಕದಲ್ಲಿ ಸೆನೆಟ್ ಸಮಿತಿಯೇ ಇದನ್ನು ಬಯಲಿಗೆಳೆಯಿತು. ಇಖ್ತಿಲಾಫನ್ನು ಮುಖಾಲಿಫತ್ ಮಾಡುವುದಕ್ಕೆ ಸಂಬಳ ಪಡೆಯುವವರೂ ಇರುತ್ತಾರೆ.

ಮಾಲ್ಕಮ್ ಎಕ್ಸ್ ಸೆಲ್ಮಾಕ್ಕೆ ಬಂದದ್ದನ್ನು ಚಿತ್ರ ತೋರಿಸುತ್ತದೆ. ಅದು ನಿಜ. 1965ರ ಫೆಬ್ರವರಿ 4ರಂದು, ಕಿಂಗ್ ಜೈಲಿನಲ್ಲಿದ್ದಾಗ, ಸ್ನಿಕ್‌ನವರು ಅವರನ್ನು ಕರೆತಂದರು. ನಾನು ನಿಮ್ಮ ಪತಿಯ ಕೆಲಸ ಕೆಡಿಸಲು ಬಂದಿಲ್ಲ, ನನ್ನಂಥವನೊಬ್ಬ ಇದ್ದಾನೆಂದು ತಿಳಿದರೆ ಬಿಳಿಯರು ಅವರ ಮಾತು ಕೇಳಿಯಾರು ಎಂಬ ಅರ್ಥದ ಮಾತನ್ನು ಅವರು ಕೊರೆಟಾ ಕಿಂಗ್‌ರಿಗೆ ಹೇಳಿದರು. ಹದಿನೇಳು ದಿನಗಳ ನಂತರ ಅವರನ್ನು ಕೊಲ್ಲಲಾಯಿತು. ಕಿಂಗ್‌ರನ್ನು ಕಟುವಾಗಿ ಟೀಕಿಸುತ್ತಿದ್ದ ಮನುಷ್ಯ ಭೇದವನ್ನು ಬಿಟ್ಟುಕೊಡದೆಯೇ ಕೈಜೋಡಿಸಿದ ಗಳಿಗೆ ಅದು. ಆ ಪುಟ್ಟ ದೃಶ್ಯದ ಹದವನ್ನು ಚಿತ್ರ ಫೋರ್ಮನ್‌ಗೂ ಕೊಡಬಹುದಿತ್ತು.

ಚಿತ್ರ ಮಾಂಟ್ಗೊಮೆರಿಯ ಮೆಟ್ಟಿಲ ಮೇಲಿನ ಭಾಷಣದೊಂದಿಗೆ ಮುಗಿಯುತ್ತದೆ. ಆದರೆ ಆ ದಾರಿ ಲೌಂಡ್ಸ್ ಎಂಬ ಕೌಂಟಿಯ ಮೂಲಕ ಹಾಯುತ್ತದೆ. ನೂರಕ್ಕೆ 80ರಷ್ಟು ಕಪ್ಪು ಜನರಿದ್ದ ಅಲ್ಲಿ 1965ರ ಆರಂಭದಲ್ಲಿ ಒಬ್ಬನೇ ಒಬ್ಬ ಕಪ್ಪು ಮತದಾರನಿರಲಿಲ್ಲ. ಮೆರವಣಿಗೆಯ ಬಗ್ಗೆ ನಂಬಿಕೆಯಿಲ್ಲದ ಕಾರ್ಮೈಕಲ್ ಮತ್ತು ಗೆಳೆಯರು ಅದರ ಜೊತೆ ನಡೆಯುತ್ತ, ರಸ್ತೆ ಬದಿಗೆ ನೋಡಲು ಬಂದ ಊರಿನವರ ಹೆಸರುಗಳನ್ನು ಬರೆದುಕೊಂಡರು. ಕಿಂಗ್ ಹೋದ ಮೇಲೆ ಅವರ ಮನೆಗಳಿಗೆ ಹೋಗಿ ಒಂದು ಪಕ್ಷ ಕಟ್ಟಿದರು. ಓದು ಬಾರದವರು ಹೆಚ್ಚಿದ್ದ ಅಲಬಾಮದಲ್ಲಿ ನಮ್ಮ ಹಾಗೆಯೇ ಪಕ್ಷಕ್ಕೊಂದು ಚಿಹ್ನೆ ಬೇಕಿತ್ತು. ಆಳುವ ಪಕ್ಷದ ಚಿಹ್ನೆ ಬಿಳಿ ಹುಂಜ. ಇವರು ಆರಿಸಿದ್ದು ಕರಿ ಚಿರತೆ. 1966ರಲ್ಲಿ ಓಕ್ಲೆಂಡಿನ ಯುವಕರು ಆ ಚಿರತೆಯನ್ನು ತಮ್ಮ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ತೆಗೆದುಕೊಂಡರು. 1972ರಲ್ಲಿ ಮುಂಬಯಿಯ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರ ದಲಿತ ಪ್ಯಾಂಥರ್ಸ್ ಹೆಸರಾಗಿ ಅದು ನಮ್ಮ ನೆಲಕ್ಕೆ ಬಂತು. ಒಂದೆರಡು ವರ್ಷಗಳಲ್ಲೇ ಅದರಲ್ಲೂ ಒಡಕು ಬಂತು. ಕನ್ನಡ ನಾಡಿನಲ್ಲಿ ಬಿ. ಕೃಷ್ಣಪ್ಪ, ದೇವನೂರ ಮಹಾದೇವರಂಥವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಲವು ಬಣಗಳಾದದ್ದನ್ನೂ, ಆ ಬಣಗಳಲ್ಲಿ ಹಲವು 2022ರ ಡಿಸೆಂಬರ್ 6ರಂದು ಬೆಂಗಳೂರಿನಲ್ಲಿ ಒಂದೇ ವೇದಿಕೆಗೆ ಬಂದದ್ದನ್ನೂ ನಾವು ನೋಡಿದ್ದೇವೆ.

ನಮ್ಮ ಸಮುದಾಯದ ಸಭೆಗಳಲ್ಲಿ ‘ಇತ್ತೆಹಾದ್’ ಎಂಬ ಪದಕ್ಕೆ ಸಿಗುವಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಒಗ್ಗಟ್ಟು ಬೇಕು, ಯಾರು ಬೇಡವೆನ್ನುತ್ತಾರೆ? ಆದರೆ ಆ ಪದ ವೇದಿಕೆಯಿಂದ ಕೆಳಗಿಳಿದು ಬರುವಾಗ ಅನೇಕ ಸಲ ಅದರ ಅರ್ಥ ‘ಈಗ ಪ್ರಶ್ನೆ ಕೇಳಬೇಡ’ ಎಂದಾಗಿರುತ್ತದೆ. ಕೇಳಬೇಡವೆನ್ನಿಸಿಕೊಂಡವರು ಹೆಚ್ಚಾಗಿ ಹೆಂಗಸರು, ಹುಡುಗರು, ಬಡವರು. ಬೇಡಿಕೆ ಯಾವುದು, ಯಾರು ಮಾತಾಡುತ್ತಾರೆ, ಬಂದ ಹಣ ಎಲ್ಲಿಗೆ, ನಾಯಕರು ಹೋದ ಮೇಲೆ ಊರಲ್ಲಿ ಯಾರು ಎಂಬ ಪ್ರಶ್ನೆಗಳು ಒಗ್ಗಟ್ಟನ್ನು ಮುರಿಯುವುದಿಲ್ಲ. ಅವಕ್ಕೆ ಉತ್ತರ ಬಚ್ಚಿಟ್ಟಾಗ ಅದು ಮುರಿಯುತ್ತದೆ.

‘ಸೆಲ್ಮಾ’ವನ್ನೂ ‘ರಸ್ಟಿನ್’ಅನ್ನೂ ಓದುಗರು ನೋಡಲಿ. ನಮ್ಮ ಹುಡುಗ ಹುಡುಗಿಯರಿಗೂ ತೋರಿಸಲಿ. ಮೆರವಣಿಗೆಯ ದೃಶ್ಯಗಳಲ್ಲಿ ಕಣ್ಣು ತೇವವಾಗುವುದು ಸಹಜ. ಆದರೆ ಗಂಟುಮುಖದ ಫೋರ್ಮನ್, ಅಡ್ಡಗಾಲು ಹಾಕುವ ವಿಲ್ಕಿನ್ಸ್ ತೆರೆಗೆ ಬಂದಾಗ ಒಂದು ಕ್ಷಣ ನಿಲ್ಲಿಸಿ, ಇವರ ಹತ್ತಿರ ಹೇಳುವುದು ಏನಿತ್ತು ಎಂದು ಕೇಳಿಕೊಳ್ಳಿ. ಚಿತ್ರಗಳು ಆ ಉತ್ತರ ಕೊಡುವುದಿಲ್ಲ, ಹುಡುಕಿದರೆ ಸಿಗುತ್ತದೆ.